ಕೂಮನಿಗೆ ಕೊಟ್ಟ ಪಾಸ್‌ವರ್ಡ್

ನನ್ನ ಗಂಡ ವುಕಾಶಿನ್‌ಗೆ ಬುದ್ಧಿ ಬರುವುದೇ ಪಕ್ಕದವರ ಮನೆಗೆ ಬೆಂಕಿ ಬಿದ್ದ ಮೇಲೆ. ಯಾವುದೋ ಕಂಪನಿಯವರು ಪಾಸ್‌ವರ್ಡನ್ನು ಕೋಡಿನೊಳಗೇ ಬರೆದಿಟ್ಟು ಕಳ್ಳರ ಕೈಗೆ ಸಿಕ್ಕಿಬಿದ್ದರಂತೆ. ಸೊಂಬೊರ್ ಊರಿನ ನಮ್ಮ ಮೂವರ ಕಂಪನಿಯದ್ದೂ ಅದೇ ಕಥೆ. ಬಸ್ ಟಿಕೆಟ್ ಮಾರುವ ನಮ್ಮ ಪ್ರೋಗ್ರಾಮಿನ ಹದಿನಾಲ್ಕನೆಯ ಸಾಲಿನಲ್ಲಿ ಮೂವತ್ತು ಅಕ್ಷರದ ಪಾಸ್‌ವರ್ಡು ರಾಜಾರೋಷವಾಗಿ ಕೂತಿತ್ತು.

"ಇವತ್ತೇ ಅಳಿಸು," ಎಂದ. ಅಳಿಸಿದೆ. ಇನ್ನು ಪ್ರೋಗ್ರಾಮು ಶುರುವಾದಾಗಲೆಲ್ಲ ಯಾರಾದರೂ ಅದನ್ನು ಕೈಯಾರೆ ಒತ್ತಬೇಕು.

"ಯಾರ ಹತ್ರ ಇಡೋದು?"

"ಕೂಮ್ ಹತ್ರ. ಇನ್ಯಾರ ಹತ್ರ?"

ಕೂಮ್ ಎಂದರೆ ನಮ್ಮ ಮದುವೆಗೆ ಸಾಕ್ಷಿ ನಿಂತವನು, ಚರ್ಚಿನಲ್ಲಿ ಮಗಳು ನೇವೆನಾಳನ್ನು ಎತ್ತಿಕೊಂಡು ಹೆಸರಿಟ್ಟವನು, ನಮ್ಮ ಮೂರನೆಯ ಪಾಲುದಾರ ರಾದಿವೋಯ್. ಕೂಮನನ್ನು ನಂಬದವನು ನಮ್ಮಲ್ಲಿ ಮನುಷ್ಯನೇ ಅಲ್ಲ. ಚೀಟಿ ಅವನ ಜೇಬು ಸೇರಿತು.

ನವೆಂಬರಿನಲ್ಲಿ ನಮ್ಮ ಮನೆತನದ ಸಂತನ ಹಬ್ಬಕ್ಕೆ ಅವನು ತಾನೇ ಇಳಿಸಿದ ಪ್ಲಮ್ ಹಣ್ಣಿನ ಸಾರಾಯಿ, ರಾಕಿಯಾ ತಂದ. ನನ್ನ ಗಂಡ ಒಂದು ಗುಟುಕು ಕುಡಿದು ಎಲ್ಲರೆದುರಿಗೆ, "ಸಕ್ಕರೆ ಹಾಕಿದ್ದೀಯ," ಎಂದ. ರಾಕಿಯಾಗೆ ಸಕ್ಕರೆ ಬೆರೆಸುವುದೆಂದರೆ ನಮ್ಮಲ್ಲಿ ಕಲಬೆರಕೆಯ ಮೋಸ; ಅದರ ಬದಲು ಕಳ್ಳ ಎಂದಿದ್ದರೂ ರಾದಿವೋಯ್ ನಕ್ಕುಬಿಡುತ್ತಿದ್ದ. ಟೋಪಿ ಹಾಕಿಕೊಂಡು ಹೊರಟವನು ಏಳು ವಾರ ನಮ್ಮ ಕಡೆ ತಲೆ ಹಾಕಲಿಲ್ಲ, ಕೆಲಸವೆಲ್ಲ ಮನೆಯಿಂದಲೇ.

ಬರುವ ಭಾನುವಾರ ನೇವೆನಾಗೆ ಒಂಬತ್ತು ತುಂಬುತ್ತಿತ್ತು. ಕೂಮ್ ಬರದಿದ್ದರೆ ಕೇಕೇ ಬೇಡ ಎಂದು ಹಟ ಹಿಡಿದಿದ್ದಳು. ಅವಳ ಮುಖ ನೋಡಿದರೆ ನನಗೆ ಅಳು ಬರುತ್ತಿತ್ತು.

ಶುಕ್ರವಾರ ಬೆಳಿಗ್ಗೆ ಕರೆಂಟ್ ಹೋಗಿ ಬಂತು. ಪ್ರೋಗ್ರಾಮು ಪಾಸ್‌ವರ್ಡು ಕೇಳಿಕೊಂಡು ನಿಂತಿತು. ಬಸ್ ನಿಲ್ದಾಣದಿಂದ ಫೋನ್ ಮೇಲೆ ಫೋನ್.

"ನೀನೇ ಕೇಳು ಅವನ್ನ," ಎಂದ ಗಂಡ.

"ನಾನ್ಯಾಕೆ? ಸಕ್ಕರೆ ಅಂದವ್ನು ನೀನು."

"ಇದ್ದಿದ್ದನ್ನ ಅಂದೆ."

"ಹಾಗಾದ್ರೆ ನಿಲ್ದಾಣದವ್ರಿಗೂ ಇದ್ದಿದ್ದನ್ನೇ ಹೇಳು. ಟಿಕೆಟ್ ಇಲ್ಲ ಅಂತ."

ನಿಜ ಹೇಳಿಬಿಡುತ್ತೇನೆ. ನಾನು ಅಳಿಸಿದ್ದು ಈಗಿನ ಕೋಡಿನಿಂದ ಮಾತ್ರ. ಹಳೆಯ ಪ್ರತಿಗಳೆಲ್ಲ ಕಂಪ್ಯೂಟರಿನಲ್ಲಿ ಹಾಗೇ ಉಳಿದಿರುತ್ತವೆ. ಹೋದ ವರ್ಷದ ಪ್ರತಿ ತೆರೆದರೆ ಅದೇ ಸಾಲು, ಅದೇ ಪಾಸ್‌ವರ್ಡು. ಅದನ್ನು ಬದಲಾಯಿಸಬೇಕೆಂದು ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ. ನನಗೆ ಒಂದು ನಿಮಿಷದ ಕೆಲಸ. ಅತ್ತ ಪ್ರಯಾಣಿಕರು ಚಳಿಯಲ್ಲಿ ಕಾದು ನಿಂತಿದ್ದರು. ಆದರೂ ಆ ಪ್ರತಿ ತೆರೆಯದೆ ಕಾಫಿ ಕಾಸಿದೆ.

ಹದಿನೇಳನೆಯ ಫೋನಿಗೆ ಗಂಡ ಕೋಟು ತೊಟ್ಟು ಕೂಮನ ಮನೆಗೆ ಹೊರಟ. ಒಂದು ಗಂಟೆಯ ಮೇಲೆ ಇಬ್ಬರೂ ಹೆಗಲ ಮೇಲೆ ಕೈ ಹಾಕಿಕೊಂಡು ಬಂದರು. ಬಾಯಲ್ಲಿ ರಾಕಿಯಾ ವಾಸನೆ, ನನ್ನ ಗಂಡನ ಕಣ್ಣು ಕೆಂಪು. ರಾದಿವೋಯ್ ಚೀಟಿ ನೋಡಿ ಒಂದೊಂದೇ ಅಕ್ಷರ ಒತ್ತಿದ. ಟಿಕೆಟ್ ಮಾರಾಟ ಶುರುವಾಯಿತು.

"ನೋಡಿದ್ಯಾ, ಗುಟ್ಟನ್ನ ಕೋಡಿಂದ ಹೊರಗಿಟ್ರೆ ಎಷ್ಟು ಕ್ಷೇಮ!" ಎನ್ನುತ್ತ ಗಂಡ ನಿಲ್ದಾಣಕ್ಕೆ ಫೋನ್ ಮಾಡಲು ಹೋದ.

ರಾದಿವೋಯ್ ನನ್ನತ್ತ ಬಾಗಿದ; ಅವನು ನಮಗೆ ಕೂಮ್ ಆದರೆ ಅವನಿಗೆ ನಾನು ಕೂಮಾ. "ಕೂಮಾ, ಹಳೇ ಪ್ರತೀಲಿ ಅದು ಇದ್ದೇ ಇದೆ. ಗೊತ್ತು ತಾನೇ?"

"ಗೊತ್ತು. ನಿಂಗೆ ಯಾವಾಗ ಗೊತ್ತಾಯ್ತು?"

"ಹಬ್ಬದ ಮಾರನೇ ದಿನಾನೇ ನೋಡ್ದೆ."

"ಮತ್ತೆ ಹೇಳ್ಲೇ ಇಲ್ಲ?"

"ಹೇಳಿದ್ರೆ ಅವ್ನು ನಮ್ಮನೆ ಬಾಗಿಲಿಗೆ ಬರ್ತಿದ್ನಾ?" ಅವನು ಚೀಟಿಯನ್ನು ಮಡಿಸಿ ಜೇಬಿಗಿಟ್ಟ. "ಏಳು ವಾರದಿಂದ ಕರೆಂಟ್ ಹೋಗ್ಲಿ ಅಂತ ಕಾಯ್ತಿದ್ದೆ."

ಭಾನುವಾರ ಕೇಕ್ ತಂದವನೂ ಅವನೇ. ಸೋಮವಾರ ನಾನು ಪಾಸ್‌ವರ್ಡು ಬದಲಾಯಿಸಿದೆ. ಹೊಸದು ಕೋಡಿನಲ್ಲೂ ಇಲ್ಲ, ಯಾರ ಜೇಬಿನಲ್ಲೂ ಇಲ್ಲ, ನನ್ನ ತಲೆಯಲ್ಲಷ್ಟೇ ಇದೆ. ಆ ಇಬ್ಬರು ಇನ್ನೊಂದು ಸಲ ಮಾತು ಬಿಡಲಿ, ನೋಡುತ್ತೇನೆ.