ಹಳದಿ ಚೀಲದ ಚೀಟಿ

"ಬಾಯಲ್ಲಿ ನಾಲಿಗೆ ಇದ್ಯಾ, ಇಲ್ಲಾ ಅದನ್ನೂ ಪೆಟ್ಟಿಗೆಗೆ ತುಂಬಿ ಕಳಿಸ್ಬಿಟ್ಯಾ?" ಎಂದು ಟ್ರೆಂಟ್ ಕೇಳಿದ.

ಆ ಕಸಾಯಿಖಾನೆಯಲ್ಲಿ ಲೆಸಿಯೆಲಿಯ ಕೆಲಸ ದನದ ನಾಲಿಗೆಗಳನ್ನು ತೊಳೆದು, ಒರೆಸಿ, ಪೆಟ್ಟಿಗೆಗೆ ಜೋಡಿಸುವುದು. ಟ್ರೆಂಟ್ ಅವಳ ಮೇಸ್ತ್ರಿ. ವಿಚಾರಣೆ ನಡೆಸುತ್ತಿದ್ದವನೂ ಅವನೇ. ಪಕ್ಕದಲ್ಲಿ ಕೂತು ಬರೆದುಕೊಳ್ಳುತ್ತಿದ್ದ ಕಚೇರಿಯ ಡೆನೀಸ್ ಈ ಒಂದು ಪ್ರಶ್ನೆಯನ್ನು ಬರೆದುಕೊಳ್ಳಲಿಲ್ಲ.

"ಮಂಗಳವಾರ ಹತ್ತೂ ನಲ್ವತ್ತಕ್ಕೆ ಬೆಲ್ಟ್ ಬಿಟ್ಟು ಹೋದೆ. ಕೈ ಎತ್ಲಿಲ್ಲ. ಕೆಂಪು ಬಿಲ್ಲೆ ತಗೊಳ್ಲಿಲ್ಲ. ಇಪ್ಪತ್ತೇಳು ನಿಮಿಷ ನಾಪತ್ತೆ. ಮಾಲು ನೆಲಕ್ಕೆ ಬಿತ್ತು, ಬೆಲ್ಟ್ ನಿಲ್ಲಿಸ್ಬೇಕಾಯ್ತು. ಎಲ್ಲಿ ಸತ್ತಿದ್ದೆ?"

ಕೆಂಪು ಬಿಲ್ಲೆ ಇದ್ದದ್ದು ಒಂದೇ. ಮಾಲು ಸಾಗಿ ಬರುವ ಬೆಲ್ಟಿನ ಮುಂದೆ ನಿಲ್ಲುವ ಇಪ್ಪತ್ತೆರಡು ಹೆಂಗಸರಲ್ಲಿ ಯಾರ ಕೊರಳಲ್ಲಿ ಅದು ಇರುತ್ತದೋ ಅವಳು ಮಾತ್ರ ಕಕ್ಕಸಿಗೆ ಹೋಗಬಹುದು. ಅವಳು ಮರಳಿ ಬಂದ ಮೇಲೆ ಇನ್ನೊಬ್ಬಳು.

"ನಿಮ್ಮ ಕಾರಣ ಹೇಳಬಹುದು," ಎಂದಳು ಡೆನೀಸ್. "ಇದು ನಿಮ್ಮ ಅವಕಾಶ."

ಲೆಸಿಯೆಲಿಯ ಎಡಕ್ಕೆ ಅವಳ ಅಣ್ಣ ಸೆಮಿಸಿ ಕೂತಿದ್ದ. ಟೋಂಗಾದಿಂದ ಬಂದ ಕೆಲಸಗಾರರೆಲ್ಲ ಸೇರಿ ಅವನನ್ನು ಯೂನಿಯನ್ನಿನ ಪ್ರತಿನಿಧಿ ಮಾಡಿದ್ದರು. ಆದ್ದರಿಂದ ಕಂಪನಿಯವರು ಅವನನ್ನೇ ಕರೆಸಿದ್ದರು. ಸ್ವಂತ ಅಣ್ಣನೇ ಜೊತೆಗಿದ್ದರೆ ಹುಡುಗಿಗೆ ಧೈರ್ಯ ಎಂದು ಡೆನೀಸ್ ಫೋನಿನಲ್ಲಿ ಹೇಳಿದ್ದಳು. ಲೆಸಿಯೆಲಿಗೆ ಹನ್ನೆರಡು ತುಂಬಿದ ಮೇಲೆ ಅಣ್ಣತಂಗಿಯರಿಬ್ಬರೂ ಒಂದೇ ಕೋಣೆಯಲ್ಲಿ ಕೂತದ್ದು ಅವತ್ತೇ ಮೊದಲು. ಊರಿನಲ್ಲಿ ಅವಳು ಒಳಗೆ ಬಂದರೆ ಅವನು ಹೊರಗೆ ಹೋಗುತ್ತಿದ್ದ. ಟೋಂಗಾದ ರೂಢಿಯಲ್ಲಿ ತಂಗಿಯ ಮೈಯ ವಿಷಯ ಅಣ್ಣನ ಕಿವಿಗೆ ಬೀಳಬಾರದು. ಬಿದ್ದರೆ ಇಬ್ಬರಿಗೂ ಮರ್ಯಾದೆ ಉಳಿಯುವುದಿಲ್ಲ. ಅವನು ಬೇಡ ಎಂದು ಅವಳು ಹೇಳುವಂತಿರಲಿಲ್ಲ. ಅದು ಅವನಿಗೆ ಅವಮಾನ. ಬರುವುದಿಲ್ಲ ಎಂದು ಅವನು ಹೇಳುವಂತಿರಲಿಲ್ಲ. ಅದು ಅವಳನ್ನು ಕೈಬಿಟ್ಟ ಹಾಗೆ. ಇಬ್ಬರೂ ಬಂದು ಎರಡು ಬೇರೆ ಗೋಡೆಗಳನ್ನು ನೋಡುತ್ತ ಕೂತರು.

"ಹೇಳೋದೇನೂ ಇಲ್ಲ," ಎಂದಳು ಲೆಸಿಯೆಲಿ.

"ಏನೂ ಇಲ್ಲ," ಎಂದ ಸೆಮಿಸಿ.

ಡೆನೀಸ್ ಎರಡನ್ನೂ ಬರೆದುಕೊಂಡಳು. ಸಂಜೆಗೆ ಕಾಗದ ಬಂತು: ಕೆಲಸದಿಂದ ವಜಾ. ಏಳು ದಿನದೊಳಗೆ ಮೇಲ್ಮನವಿ ಸಲ್ಲಿಸಬಹುದು. ವೀಸಾ ಇದ್ದದ್ದೇ ಆ ಕೆಲಸದ ಮೇಲೆ. ಮನವಿ ಬಿದ್ದುಹೋದರೆ ವಿಮಾನ ಹತ್ತಬೇಕು. ಟೋಂಗಾದ ಹಾಪೈ ದ್ವೀಪದಲ್ಲಿ ಅವಳ ತಾಯಿ ಮತ್ತು ಮಗಳು, ಚಂಡಮಾರುತ ಎತ್ತಿಕೊಂಡು ಹೋದ ಚಾವಣಿಯ ಜಾಗದಲ್ಲಿ ನೀಲಿ ಟಾರ್ಪಾಲು ಹೊದಿಸಿಕೊಂಡು ಕಾಯುತ್ತಿದ್ದರು.

ಬಾಯಿ ಬಿಡಿಸಿದವಳು ಕಲೊಲೈನೆ. ಕಸಾಯಿಖಾನೆಯ ಲಾಂಡ್ರಿಯಲ್ಲಿ ಒಂಬತ್ತು ವರ್ಷದಿಂದ ಬಟ್ಟೆ ಒಗೆಯುತ್ತಿದ್ದ ಹೆಂಗಸು. ಟೋಂಗಾದ ಹುಡುಗಿಯರೆಲ್ಲ ಅವಳನ್ನು ಅತ್ತೆ ಎನ್ನುತ್ತಿದ್ದರು. ಭಾನುವಾರ ಚರ್ಚಿನಿಂದ ಬಂದವಳೇ ಬೇಯಿಸಿದ ಗೆಣಸು ಮತ್ತು ಡಬ್ಬಿ ಮೀನು ಮುಂದಿಟ್ಟಳು.

"ತಿನ್ನು. ತಿಂದ್ಕಂಡು ಬೊಗುಳು. ಎಲ್ಲೋಗಿದ್ದೆ ಅವತ್ತು?"

"ಅತ್ತೆ, ಬೇಡ."

"ಯಾವನ್ನಾದ್ರೂ ಮಡಿಕ್ಕಂಡಿದ್ಯೇನೇ?"

"ಛೀ. ಸುಮ್ಕಿರತ್ತೆ." ಲೆಸಿಯೆಲಿ ಬಾಗಿಲ ಕಡೆ ನೋಡಿದಳು. ಹೊರಗೆ ಯಾರೂ ಇರಲಿಲ್ಲ. ಆದರೂ ದನಿ ತಗ್ಗಿಸಿದಳು. "ಹೊರಗಾಗಿದ್ದೆ. ದಿನಾ ಆದಂಗಲ್ಲ. ಕೊಡ ಬಗ್ಗಿಸ್ದಂಗೆ ಹೋಯ್ತು. ಬೂಟಿನೊಳಕ್ಕೆ ಇಳೀತು. ನಿಂತ ಹಲಗೆ ಮೇಲೂ ಬಿತ್ತು."

"ಯಾರೂ ನೋಡ್ನಿಲ್ವಾ?"

"ಅಲ್ಲಿ ಎಲ್ರ ಮೈಮೇಲೂ ರಕ್ತಾನೇ ಅಲ್ವಾ ಅತ್ತೆ. ಯಾರ್ದು ಯಾರಿಗೆ ಗೊತ್ತಾಯ್ತದೆ?"

ಕಲೊಲೈನೆ ಗೆಣಸು ಅಗಿಯುವುದನ್ನು ನಿಲ್ಲಿಸಿದಳು. "ಆ ಬಟ್ಟೆ ಏನ್ಮಾಡ್ದೆ?"

"ಹಳದಿ ಚೀಲಕ್ಕೆ ಹಾಕ್ದೆ. ಚೀಟಿ ಬರ್ದೆ. ನನ್ ನಂಬರು, ತಾರೀಕು, ಟೈಮು. ಆಮೇಲೆ ತಲೆ ತಿರುಗ್ತು, ಅಲ್ಲೇ ಕೂತ್ಕಂಡೆ."

"ಅಯ್ಯೋ ದಡ್ಡಮುಂಡೇದೆ," ಎಂದಳು ಕಲೊಲೈನೆ ಸಮಾಧಾನವಾಗಿ. "ಆ ಚೀಟಿ ನನ್ ಬುಕ್ಕಲ್ಲೇ ಅದೆ."

ಪ್ರತಿ ಕೈತೊಳೆಯುವ ತೊಟ್ಟಿಯ ಮೇಲೂ ಒಂದು ನಿಯಮ ಅಂಟಿಸಿತ್ತು. ಮನುಷ್ಯರ ರಕ್ತ ಬಂದರೆ ಆ ಕ್ಷಣವೇ ಬೆಲ್ಟ್ ಬಿಟ್ಟು ಹೋಗಬೇಕು, ಅಪ್ಪಣೆಗೆ ಕಾಯಬಾರದು, ಬಟ್ಟೆ ಹಳದಿ ಚೀಲಕ್ಕೆ ಹಾಕಿ ಚೀಟಿ ಬರೆಯಬೇಕು. ಅದನ್ನು ಬರೆದವನು ಚಾಕು ತಗುಲಿದ ಬೆರಳುಗಳ ಬಗ್ಗೆಯಷ್ಟೇ ಯೋಚಿಸಿದ್ದ. ಲೆಸಿಯೆಲಿ ಅದನ್ನು ಅಕ್ಷರಶಃ ಪಾಲಿಸಿದ್ದಳು.

ಮೇಲ್ಮನವಿಯ ವಿಚಾರಣೆ ನಡೆಸಿದವನು ಮ್ಯಾನೇಜರ್ ಗ್ರೀವ್ಸ್. ಡೆನೀಸ್ ಈ ಸಲವೂ ಬರೆದುಕೊಳ್ಳಲು ಕೂತಿದ್ದಳು. ಲೆಸಿಯೆಲಿಯ ಜೊತೆ ಬಂದದ್ದು ಕಲೊಲೈನೆ. ಇಸ್ತ್ರಿ ಮಾಡಿದ ಕಪ್ಪು ಬಟ್ಟೆಯ ಮೇಲೆ, ಗೌರವಕ್ಕೆಂದು ಟೋಂಗಾದವರು ಉಡುವಂತೆ, ಸೊಂಟಕ್ಕೆ ಹೆಣೆದ ಚಾಪೆ ಸುತ್ತಿಕೊಂಡು, ಸಾವಿನ ಮನೆಗೆ ಹೋಗುವವಳ ಹಾಗೆ ಬಂದಿದ್ದಳು.

ಗ್ರೀವ್ಸ್ ಚೀಟಿಯನ್ನು ಓದಿದ. ತಿರುಗಿಸಿ ಹಿಂಭಾಗವನ್ನೂ ನೋಡಿದ. ಅಲ್ಲಿ ಏನೂ ಇರಲಿಲ್ಲ.

"ಇದು ಮೊದಲನೇ ವಿಚಾರಣೆ ದಿನ ಇತ್ತಾ?"

"ಲಾಂಡ್ರಿ ಬುಕ್ಕಲ್ಲಿತ್ತು ಸರ್," ಎಂದಳು ಲೆಸಿಯೆಲಿ.

"ಇತ್ತು. ನಿಮಗೆ ಗೊತ್ತಿತ್ತು?"

"ಗೊತ್ತಿತ್ತು."

"ಹಾಗಾದ್ರೆ ಇದು ಹೊಸದಲ್ಲ." ಅವನು ತುಂಬ ಮರ್ಯಾದೆಯಿಂದ ಮಾತಾಡುತ್ತಿದ್ದ. "ಮೇಲ್ಮನವಿಯಲ್ಲಿ ಹೊಸ ಸಾಕ್ಷ್ಯ ತಗೋಬೇಕಂದ್ರೆ, ಮೊದಲು ಅದು ಸಿಗೋ ಹಾಗೇ ಇರಬಾರದಿತ್ತು. ನಿಮ್ಮದು ಸಿಕ್ತಿತ್ತು. ನೀವು ಹೇಳ್ಲಿಲ್ಲ. ಯಾಕೆ ಹೇಳ್ಲಿಲ್ಲ?"

"ಅಣ್ಣ ಇದ್ದ."

"ನಿಮ್ಮ ಸಹಾಯಕ್ಕೇ ಅಲ್ವಾ ಅವರನ್ನ ಕರೆಸಿದ್ದು?"

"ಹೌದು ಸರ್."

"ಅವರೇನಾದ್ರೂ ಬೆದರಿಸಿದ್ರಾ?"

"ಇಲ್ಲ ಸರ್. ಇದ್ದ, ಅಷ್ಟೇ."

ಗ್ರೀವ್ಸ್ ಡೆನೀಸಳ ಮುಖ ನೋಡಿದ. ಡೆನೀಸ್ 'ಕುಟುಂಬದ ಕಾರಣ' ಎಂದು ಬರೆದುಕೊಂಡಳು.

"ಸ್ವಾಮಿ, ನಾನೊಂದ್ಮಾತು ಕೇಳ್ಲಾ?" ಎಂದಳು ಕಲೊಲೈನೆ. "ನಿಮ್ ಅಕ್ಕನೋ ತಂಗಿನೋ ಮುಟ್ಟಾದ್ರೆ ನಿಮ್ಮುಂದೆ ಬಂದು ವರದಿ ಒಪ್ಪಿಸ್ತಾರಾ?"

ಗ್ರೀವ್ಸನ ಕಿವಿ ಕೆಂಪಾಯಿತು. ಚೀಟಿಯನ್ನು ಇನ್ನೊಮ್ಮೆ ಓದುವಂತೆ ತಲೆ ತಗ್ಗಿಸಿದ. ಹಾಗೆ ಓದುವಾಗಲೇ ಅವನಿಗೆ ಬೇರೊಂದು ಹೊಳೆದಂತಿತ್ತು.

"ಹತ್ತೂ ನಲ್ವತ್ತು," ಎಂದ ಡೆನೀಸಳಿಗೆ. "ಆ ದಿನದ ನಾಲಿಗೆ ಪೆಟ್ಟಿಗೆಗಳು ಎಲ್ಲಿವೆ?"

"ಶೀತಲ ಕೋಣೆಯಲ್ಲಿ. ನಾಳೆ ಕಂಟೇನರಿಗೆ ಹತ್ತುತ್ತವೆ."

ಮನುಷ್ಯರ ರಕ್ತ ಬಿದ್ದದ್ದು ನಿಜವಾದರೆ ಆ ಹೊತ್ತಿನ ಮಾಲನ್ನೆಲ್ಲ ತಡೆಹಿಡಿದು ತಿಪ್ಪೆಗೆ ಸುರಿಯಬೇಕು. ಅದೂ ಅದೇ ನಿಯಮದ ಕೆಳಗಿನ ಸಾಲಿನಲ್ಲೇ ಇತ್ತು. ಇಪ್ಪತ್ತೇಳು ನಿಮಿಷದ ಲೆಕ್ಕ ಹಿಡಿದಿದ್ದವರು ಅಲ್ಲಿಯವರೆಗೆ ಅದನ್ನು ಓದಿರಲಿಲ್ಲ.

ಗ್ರೀವ್ಸ್ ಚೀಟಿಯನ್ನು ಎರಡು ಬೆರಳಲ್ಲಿ ಅವಳ ಕಡೆಗೆ ಸರಿಸಿದ.

"ತಡವಾಗಿ ಬಂದಿದ್ದರಿಂದ ಇದನ್ನು ನಾವು ನೋಡಿಲ್ಲ," ಎಂದ. "ಹಾಗೇ ಬರ್ಕೊಳ್ಳಿ ಡೆನೀಸ್. ನೋಡಿಲ್ಲ."

"ಈಗ ತಾನೇ ಎರಡು ಸಲ ಓದಿದ್ರಲ್ಲ," ಎಂದಳು ಲೆಸಿಯೆಲಿ.

"ನಿಯಮದ ಪ್ರಕಾರ ಓದಿಲ್ಲ."

ಮೊದಲ ತೀರ್ಪೇ ಉಳಿಯಿತು. ಸಹಿ ಹಾಕಲು ಡೆನೀಸ್ ಪೆನ್ನು ಕೊಟ್ಟಳು. ಲೆಸಿಯೆಲಿ ಪೆನ್ನನ್ನು ಮೇಜಿನ ಮೇಲಿಟ್ಟು ಚೀಟಿಯನ್ನು ಎತ್ತಿಕೊಂಡಳು.

ಹೊರಗೆ ಬಂದದ್ದೇ ಕಲೊಲೈನೆ ಉಗಿದಳು. "ಬೋಳಿಮಕ್ಳು. ಕಣ್ಮುಂದೆ ಇಟ್ರೂ ಕಾಣ್ಸಲ್ಲ ಅಂತವೆ. ನಡಿ, ಗಂಟು ಮೂಟೆ ಕಟ್ಟು."

"ತಾಳತ್ತೆ."

ಓಣಿಯ ಕೊನೆಯಲ್ಲಿ ಸರ್ಕಾರದ ಮಾಂಸ ತಪಾಸಣೆಗಾರನ ಕೋಣೆ. ಅವನು ಕಂಪನಿಯವನಲ್ಲ, ಅವನ ಮುದ್ರೆ ಬೀಳದೆ ಒಂದು ಪೆಟ್ಟಿಗೆಯೂ ಹಡಗು ಹತ್ತುವುದಿಲ್ಲ. ಓಣಿಗೆ ತೆರೆದಿದ್ದ ಅವನ ಕಿಟಕಿಯ ಮುಂದಿನ ತೊಟ್ಟಿಯಲ್ಲಿ ಊಟದ ಬಿಡುವಿನ ಗಂಡಸರು ಚಾಕು ತೊಳೆಯಲು ಸಾಲು ನಿಂತಿದ್ದರು. ಸಾಲಿನಲ್ಲಿ ಸೆಮಿಸಿಯೂ ಇದ್ದ.

ಲೆಸಿಯೆಲಿ ಅವನನ್ನು ನೋಡಿದಳು. ಬಿಡುವು ಮುಗಿಯಲು ಇನ್ನು ಹತ್ತು ನಿಮಿಷ. ಕಾದಿದ್ದರೆ ಅವನು ಹೋಗಿಬಿಡುತ್ತಿದ್ದ. ಅವಳು ಕಿಟಕಿಯ ಹತ್ತಿರ ಹೋಗಿ ಚೀಟಿಯನ್ನು ಒಳಕ್ಕೆ ಕೊಟ್ಟಳು.

ತಪಾಸಣೆಗಾರ ಬಾಯಲ್ಲಿದ್ದ ಬ್ರೆಡ್ಡನ್ನು ನುಂಗಿ ಚೀಟಿಯನ್ನು ಓದಿದ. ಫೋನೆತ್ತಿ ಶೀತಲ ಕೋಣೆಗೆ ಹೇಳಿದ: "ಹನ್ನೊಂದನೇ ತಾರೀಕಿನ ನಾಲಿಗೆ ಮಾಲು. ಒಂದು ಪೆಟ್ಟಿಗೇನೂ ಅಲುಗಾಡಿಸಬೇಡಿ." ಆಮೇಲೆ ಒಂದು ಫಾರಂ ಎಳೆದುಕೊಂಡ.

"ಈ ಚೀಟಿಯಿಂದ ನಿನ್ನ ಕೆಲಸ ವಾಪಸ್ ಬರುತ್ತೆ ಅಂತ ನಾನು ಹೇಳಲಾರೆ. ನನಗೆ ಮಾಂಸದ್ದಷ್ಟೇ ಅಧಿಕಾರ."

"ಗೊತ್ತು ಸರ್. ಬರ್ಕಳಿ."

"ಯಾರ ರಕ್ತ, ಎಲ್ಲಿಂದ, ಎಷ್ಟು ಅಂತ ಬರೀಬೇಕು. ಒಳಗೆ ಬಂದು ಹೇಳ್ತೀಯಾ? ಇಲ್ಲಿ ಗಂಡಸರಿದ್ದಾರೆ."

"ಇಲ್ಲೇ ಹೇಳ್ತೀನಿ."

ಕಲೊಲೈನೆ ಸೊಂಟದ ಚಾಪೆಯನ್ನು ಬಿಗಿಹಿಡಿದುಕೊಂಡಳು. ಲೆಸಿಯೆಲಿ ಹೇಳತೊಡಗಿದಳು. ತನ್ನದು ಎಂದಳು. ಎಲ್ಲಿಂದ ಎಂಬುದನ್ನೂ ಹೇಳಿದಳು, ಆ ಪದವನ್ನೇ ಬಳಸಿ. ತಪಾಸಣೆಗಾರನ ಬರವಣಿಗೆ ನಿಧಾನ. ಅವನಿಗೆ ತಪ್ಪಿದಲ್ಲೆಲ್ಲ ಅವಳು ಎರಡನೇ ಸಲ, ಅದೇ ದನಿಯಲ್ಲಿ ಹೇಳಿದಳು. ಸಾಲಿನಲ್ಲಿದ್ದ ಗಂಡಸರು ಒಬ್ಬೊಬ್ಬರೇ ಚಾಕುಗಳನ್ನು ತೊಳೆಯದೆಯೇ ಹೊರಟುಹೋದರು.

ಸೆಮಿಸಿ ಹೋಗಲಿಲ್ಲ. ಗೋಡೆಯ ಕಡೆ ಮುಖ ಮಾಡಿ, ಟೊಪ್ಪಿಯನ್ನು ಕೈಯಲ್ಲಿ ಹಿಡಿದು, ಅವಳು ಮುಗಿಸುವವರೆಗೂ ನಿಂತೇ ಇದ್ದ.