ಚೀಟಿಯಲ್ಲಿಲ್ಲದ ಹೆಸರು

ಆ ಸುಳ್ಳನ್ನು ಅವಳು ತನ್ನ ದಿನಚರಿಯಲ್ಲೂ ಬರೆದುಕೊಂಡಿರಲಿಲ್ಲ. ‘ವಾಡಿಕೆ ಹಾಗಿದೆ, ನನ್ನದೇನು ತಪ್ಪು?’ ಎಂದು ತನಗೆ ತಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದಳು. ಆದರೆ ಮನಸ್ಸು ಕೇಳಬೇಕಲ್ಲ!

ಪದವಿ ಮುಗಿಸಿದ ಈ ಹುಡುಗಿ ಎರಡು ವರ್ಷದ ಹಿಂದೆ ಸೇರಿದ್ದು ಒಂದು ಮುದ್ರಣಾಲಯಕ್ಕೆ. ಅಲ್ಲಿನ ಬೈಂಡಿಂಗ್ ಕೋಣೆಯಲ್ಲಿ ಅವಳ ಚಿಕ್ಕಮ್ಮನಿಗೆ ಹದಿನೆಂಟು ವರ್ಷದ ಅನುಭವ. ಪುಟ ಹಿಂದುಮುಂದಾದ ಪುಸ್ತಕವನ್ನು ಪತ್ತೆ ಹಚ್ಚಿ, ದಾರ ಬಿಚ್ಚಿ, ಮತ್ತೆ ಹೊಲಿದು ಕೊಡುವ ಗಟ್ಟಿಗಿತ್ತಿ. ಸರಿಪಡಿಸಿದವರು ಯಾರೆಂದು ಚೀಟಿಯಲ್ಲಿ ಬರೆಯುವುದು ಹುಡುಗಿಯ ಕೆಲಸ. ಆದರೆ ದುಡಿದವಳು ಹೆಂಗಸಾದರೆ, ಚೀಟಿಗೆ ಹತ್ತುವುದು ಆ ಮೇಜಿನ ಗಂಡಸಿನ ಹೆಸರು. ಚಿಕ್ಕಮ್ಮನ ಮೇಜಿನಲ್ಲಿದ್ದವನು ಪುಸ್ತಕದ ಅಂಚು ಕತ್ತರಿಸುವ ‘ಕಟಿಂಗ್ ಅಣ್ಣ’. ಅವನಿಗೆ ಕೆಲಸ ಕಲಿಸಿದವಳೂ ಚಿಕ್ಕಮ್ಮನೇ.

ಈಗ ಮೇಲ್ವಿಚಾರಕರ ಜಾಗ ಖಾಲಿಯಾಗಿತ್ತು. “ಚೀಟಿ ನೋಡಿ ಕೊಡ್ತೀನಿ, ಮುಖ ನೋಡಿ ಅಲ್ಲ” ಎಂದಿದ್ದರು ಮ್ಯಾನೇಜರ್.

ಊಟದ ಹೊತ್ತಿನಲ್ಲಿ ಹುಡುಗಿ ಪಿಸುಗುಟ್ಟಿದಳು. “ಚಿಕ್ಕಮ್ಮಾ, ನೀನೂ ಅರ್ಜಿ ಹಾಕು.”

“ಅಯ್ಯೋ, ಸುಮ್ನಿರೇ! ಮನೇಲಿ ನಿಮ್ಮ ಚಿಕ್ಕಪ್ಪ ಒಬ್ರೇ ನನ್ನ ಮಾತು ಕೇಳಲ್ಲ, ಇಲ್ಲಿ ಹತ್ತು ಗಂಡಸ್ರು ಕೇಳ್ತಾರಾ?”

ಪಕ್ಕದಲ್ಲಿ ಕೂತಿದ್ದ ಕಾರ್ಮಿಕ ಸಂಘದ ಅಕ್ಕ ಡಬ್ಬಿ ಮುಚ್ಚಿದಳು. “ಪುಟ ಕಲಸಿಹೋದಾಗ ಆ ಹತ್ತು ಜನಾನೂ ಓಡ್ಬರೋದು ನಿನ್ನ ಹತ್ರಾನೇ ತಾನೆ? ಹೆಸರು ಬೀಳ್ದಿದ್ರೆ ಬಡ್ತಿನೂ ಇಲ್ಲ. ಚೀಟಿ ತಿದ್ದಿಸ್ಕೊಳ್ಳೋದು ನಿನ್ನ ಹಕ್ಕು ಕಣೇ, ಯಾರೂ ಹಾಕೋ ಭಿಕ್ಷೆ ಅಲ್ಲ.”

ಚಿಕ್ಕಮ್ಮ ಕೈಯಲ್ಲಿದ್ದ ತುತ್ತನ್ನು ಮತ್ತೆ ಡಬ್ಬಿಗೆ ಹಾಕಿದಳು. “ಹೂಂ, ಹಾಕ್ತೀನಿ. ಆದ್ರೆ ಚೀಟಿ ಸುಳ್ಳು ಅಂತ ಬರೆದವರೇ ಹೇಳ್ಬೇಕಲ್ಲ?” ಎಂದಳು.

ಹುಡುಗಿ ಎದ್ದು ಕೈ ತೊಳೆಯಲು ಹೋದಳು. ಹೇಳಿದರೆ ತನ್ನ ಕೆಲಸಕ್ಕೇ ಸಂಚಕಾರ.

ಚಿಕ್ಕಮ್ಮ ಅರ್ಜಿ ಕೊಟ್ಟ ಸಂಜೆ, ಮ್ಯಾನೇಜರ್ ಎಲ್ಲರೆದುರು ಚೀಟಿಗಳನ್ನು ತಿರುವಿ ಅವಳತ್ತ ನೋಡಿದರು. “ಏನಮ್ಮಾ, ಎರಡು ವರ್ಷದಲ್ಲಿ ಒಂದರಲ್ಲೂ ನಿನ್ನ ಹೆಸರಿಲ್ಲ! ಇಲ್ಲಿಗೆ ಬಂದು ನಿದ್ದೆ ಮಾಡ್ತಿದ್ಯಾ?”

ಯಾರೋ ಕಿಸಕ್ಕನೆ ನಕ್ಕರು. ಕಟಿಂಗ್ ಅಣ್ಣ ನೆಲ ನೋಡಿದ. ಚಿಕ್ಕಮ್ಮನ ಮುಖ ಸಪ್ಪಗಾಯಿತು. ಆದರೂ ಅವಳು ಹುಡುಗಿಯ ಕಡೆ ಬೆರಳು ತೋರಿಸಲಿಲ್ಲ.

ಅಕ್ಕ-ತಂಗಿಯರೇ, ಅಣ್ಣ-ತಮ್ಮಂದಿರೇ, ನಿಮ್ಮ ಕೆಲಸದ ಜಾಗದಲ್ಲಿ ದುಡಿದವಳ ಹೆಸರೇ ಕಾಗದದ ಮೇಲಿದೆಯೇ? ನಾಳೆಯೇ ನೋಡಿ. ಇಲ್ಲದಿದ್ದರೆ ಬಾಯಿಬಿಟ್ಟು ಕೇಳಿ. ದನಿ ನಡುಗಿದರೂ ಚಿಂತೆಯಿಲ್ಲ. ಅಂದು ಎದ್ದು ನಿಂತ ಆ ಹುಡುಗಿಯ ದನಿಯೂ ನಡುಗುತ್ತಿತ್ತು:

“ಸರ್, ಆ ಕೆಲಸ ಎಲ್ಲಾ ಚಿಕ್ಕಮ್ಮ ಮಾಡಿದ್ದು. ಸುಳ್ಳು ಹೆಸರು ಬರೆದವಳು ನಾನು.”