ಗುಡ್ಡದ ಕಡೆಗೆ ಮೂರು ಸಲ

ನೂಕ್ ಶಹರದ ಬಸ್ಸು ತಿರುಗಿಕೊಳ್ಳುವ ಕೊನೆಯ ಜಾಗದಲ್ಲಿ ನಮ್ಮ ಕಟ್ಟಡ. ಅಲ್ಲಿಂದಾಚೆ ರಸ್ತೆ ಇಲ್ಲ. ಬೇಸಿಗೆಯಲ್ಲಿ ಹಡಗಿನಿಂದ ಇಳಿದ ಪ್ರವಾಸಿಗಳು ಇಲ್ಲಿಯವರೆಗೆ ಬಂದು, ಮುಂದಿನ ಊರಿಗೆ ಹೇಗೆ ಹೋಗುವುದೆಂದು ನನ್ನನ್ನು ಕೇಳುತ್ತಾರೆ. ಹೋಗಲು ಬರುವುದಿಲ್ಲ ಎಂದರೆ ನಗುತ್ತಾರೆ. ದೋಣಿ ಇಲ್ಲವೇ ವಿಮಾನ ಬೇಕು; ಕಾಲ್ನಡಿಗೆಯಲ್ಲಿ ಹೋಗುವವನಿಗೆ ಇರುವುದು ಗುಡ್ಡ ಮಾತ್ರ. ನನ್ನ ಅಡುಗೆಮನೆಯ ಕಿಟಕಿ ಆ ಗುಡ್ಡಕ್ಕೆ ಮುಖ ಮಾಡಿದೆ.

ಅಕ್ಟೋಬರ್ ಕೊನೆಯ ಶನಿವಾರ ನಮ್ಮ ಮಗ ಅಪೊಲುಸನಿಗೆ ನಾಲ್ಕು ತುಂಬಿತು. ಮಧ್ಯಾಹ್ನದಿಂದ ಜನ ಬರುತ್ತ ಹೋಗುತ್ತ ಇದ್ದರು. ಬಾಗಿಲಲ್ಲಿ ಬೂಟುಗಳ ರಾಶಿ, ಮೇಜಿನ ಮೇಲೆ ಏಳು ಬಗೆಯ ಕೇಕು, ಒಲೆಯ ಮೇಲೆ ಸೀಲ್ ಮಾಂಸದ ಸಾರು. ಒಬ್ಬರು ಕಾಫಿ ಕುಡಿದು ಎದ್ದರೆ ಆ ಕುರ್ಚಿಗೆ ಇನ್ನೊಬ್ಬರು. ಎದ್ದು ಹೋಗದೆ ಕೂತಿದ್ದವರು ನನ್ನ ಅತ್ತೆ ಸಬಿನೆ ಒಬ್ಬರೇ. ಮಗು ಅವರ ತೊಡೆಯ ಮೇಲಿತ್ತು.

"ನನ್ ಮಗನಿಗೆ ಇನ್ನೊಂದ್ ಚೂರು ತಿಮಿಂಗಿಲದ ಚರ್ಮ ಕೊಡೇ ಬಿಬಿಯಾನೆ. ಚಿಕ್ಕವನಿದ್ದಾಗಿಂದ ಅವನಿಗೆ ಅದಂದ್ರೆ ಪ್ರಾಣ."

'ಚಿಕ್ಕವನಿದ್ದಾಗ' ಎಂದರೆ ಐವತ್ತು ವರ್ಷದ ಹಿಂದೆ. ಅವರ ಹಿರಿಯ ಮಗ, ನನ್ನ ಭಾವ ಅಪೊಲುಸ್, ನಾಲ್ಕು ವರ್ಷದ ಹಿಂದೆ ಸೆಪ್ಟೆಂಬರಿನಲ್ಲಿ ದೋಣಿ ತೆಗೆದುಕೊಂಡು ಹೋದ. ಮೂರನೆಯ ದಿನ ಖಾಲಿ ದೋಣಿ ಸಿಕ್ಕಿತು. ದೇಹ ಸಿಗಲಿಲ್ಲ. ಚರ್ಚಿನಲ್ಲಿ ಪ್ರಾರ್ಥನೆ ಮಾಡಿಸಿದೆವು. ಆರು ವಾರದ ಮೇಲೆ ನನಗೆ ಹೆರಿಗೆಯಾಯಿತು. ಮಗು ಎರಡು ದಿನ ಹಾಲು ಮುಟ್ಟದೆ ಅತ್ತಿತು. ಅತ್ತೆ ಬಂದು ಅದರ ಕಿವಿಯಲ್ಲಿ "ಅಪೊಲುಸ್" ಎಂದರು. ಅಳು ನಿಂತಿತು. ನಮ್ಮಲ್ಲಿ ಸತ್ತವರು ಹೀಗೆ ಮನೆಗೆ ಮರಳುತ್ತಾರೆ. ಅಂದಿನಿಂದ ನನ್ನ ಗಂಡ ಎನೊಕ್ ಸ್ವಂತ ಮಗನನ್ನು "ಅಣ್ಣ" ಎನ್ನುತ್ತಾನೆ. ಮಗು ಅಜ್ಜಿಯನ್ನು "ಅಮ್ಮ" ಎನ್ನುತ್ತದೆ. ನನ್ನನ್ನು, ಭಾವ ಕರೆಯುತ್ತಿದ್ದ ಹಾಗೆಯೇ, "ಬಿಬಿ" ಎನ್ನುತ್ತದೆ.

ಮೂರು ಗಂಟೆಗೆ ಎರಡನೆಯ ಮಹಡಿಯ ಗೆರ್ತ್ ಬಂದ. ಹಿಮಕೋಳಿ ಬೇಟೆ ಮುಗಿಸಿ ಸೀದಾ ಬಂದಿದ್ದ, ಕಾಲುಚೀಲ ಒದ್ದೆಯಾಗಿತ್ತು.

"ಏನಮ್ಮಾ ಬಿಬಿಯಾನೆ, ನಿನ್ ಬಾಲ್ಕನೀಲಿ ಒಣಗ್‌ಹಾಕಿದ್ ಮೀನು ಹೋಯ್ತಲ್ಲ, ಕಳ್ಳ ಸಿಕ್ಕಿದ."

"ನೀನೇ ತಾನೆ?" ಎಂದ ಎನೊಕ್.

"ನಾನಾಗಿದ್ರೆ ನಿನ್ ಹೆಂಡ್ತಿ ಕೈರುಚಿ ಗೊತ್ತಿದ್ದೂ ಕದೀತಿದ್ನಾ?" ಎಲ್ಲರೂ ನಕ್ಕರು. "ಗುಡ್ಡದ ಪಕ್ಕ, ಬಂಡೆ ಸಂದೀಲಿ, ಕಲ್ ಜೋಡಿಸಿ ಗೂಡು ಮಾಡ್ಕೊಂಡಿದ್ದಾನೆ. ಬೂದಿ ಇನ್ನೂ ಬೆಚ್ಚಗಿತ್ತು. ನಿಮ್ ಕೆಂಪು ದಾರದಲ್ಲೇ ಮೀನು ನೇತ್‌ಹಾಕಿದ್ದಾನೆ ಮಹರಾಯ. ಗಂಟು ಮಾತ್ರ ಉಲ್ಟಾ. ಎಡಚ ಇರ್ಬೇಕು."

ಯಾರೋ "ಕಿವಿತ್ತೋಕ್ ಬಂದಿದ್ದಾನೆ, ಬಾಗಿಲು ಹಾಕ್ಕೊಳ್ರಪ್ಪಾ" ಎಂದರು. ಅವಮಾನ ತಾಳಲಾರದೆ ಜನರನ್ನು ಬಿಟ್ಟು ಗುಡ್ಡ ಸೇರಿದವನನ್ನು ಹಾಗೆನ್ನುತ್ತೇವೆ. ಅವನು ಸಾಯುವುದಿಲ್ಲ, ಮನುಷ್ಯನಾಗಿಯೂ ಉಳಿಯುವುದಿಲ್ಲ. ಮಕ್ಕಳನ್ನು ಹೆದರಿಸಲು ಒಳ್ಳೆಯ ಮಾತು. ಮತ್ತೆ ನಕ್ಕರು.

ಅತ್ತೆ ನಗಲಿಲ್ಲ. ಭಾವ ಎಡಚನಾಗಿದ್ದ. ಅವರು ಮಗುವಿನ ಎರಡೂ ಕಂಕುಳಿಗೆ ಕೈ ಹಾಕಿ, ಬಿಸಿ ಪಾತ್ರೆ ಕೆಳಗಿಡುವ ಹಾಗೆ ಅವನನ್ನು ನೆಲಕ್ಕಿಳಿಸಿದರು.

ಒಬ್ಬೊಬ್ಬರಾಗಿ ಬೂಟು ಹುಡುಕಿಕೊಂಡು ಎಲ್ಲರೂ ಹೋದರು. ಅತ್ತೆ ಅಡುಗೆಮನೆಗೆ ಬಂದು ಬಾಗಿಲು ಮುಂದೆ ಮಾಡಿದರು.

"ನಾಳೆ ಚರ್ಚ್ ಮುಗಿಸ್ಕೊಂಡು ಹೋಗಣ. ಗುಡ್ಡದ ಕಡೆ ನಿಂತು ಮೂರ್ ಸಲ ಅವನ ಹೆಸರು ಕೂಗ್ತೀನಿ. ಓ ಅಂದ್ರೆ ಬದುಕಿದ್ದಾನೆ ಅಂತ."

"ಬದುಕಿದ್ರೆ, ಅತ್ತೆ?"

"ಈ ಹುಡುಗನ ಹೆಸರು ವಾಪಸ್ ತಗೋಬೇಕು. ಸತ್ತೋನು ಅಂತ ಕೊಟ್ಟಿದ್ದು ನಾನು. ನನ್ದೇ ತಪ್ಪು. ಜೀವ ಇರೋನ ಹೆಸರು ಇನ್ನೊಬ್ಬ ಹೊತ್ಕೊಂಡ್ರೆ ಇಬ್ಬರಲ್ಲಿ ಒಬ್ಬನೇ ಉಳಿಯೋದು ಅಂತ ನಮ್ಮಮ್ಮ ಹೇಳೋರು."

"ನಾಲ್ಕು ವರ್ಷದ ಮಗೂಗೆ ಈಗ ಬೇರೆ ಹೆಸರಾ? ಅವನು ನಿಮ್ಮನ್ನ ಅಮ್ಮ ಅಂತಾನೆ."

"ಅದಕ್ಕೇ" ಎಂದರು ಅತ್ತೆ.

ಆ ಸಂಜೆ ಅವರು ಅವನನ್ನು ಮುಟ್ಟಲಿಲ್ಲ. ಒಮ್ಮೆ "ಏ ಹುಡುಗ, ಸರ್ಕೋ" ಎಂದರು, ಪಕ್ಕದ ಮನೆಯ ಮಗುವಿಗೆ ಹೇಳುವ ಹಾಗೆ. ಅವನು ನನ್ನ ಹತ್ತಿರ ಬಂದು, "ಬಿಬಿ, ಅಮ್ಮ ಯಾಕೆ ನನ್ ಹೆಸರು ಮರ್ತಿದ್ದಾರೆ?" ಎಂದು ಕೇಳಿದ. ರಾತ್ರಿಯ ಊಟ ಮಾಡಲಿಲ್ಲ. ಹಾಲು ಕೊಟ್ಟರೆ ಬಾಯಿ ತಿರುಗಿಸಿದ. ಹುಟ್ಟಿದ ಆ ಎರಡು ದಿನ ನನಗೆ ನೆನಪಾಯಿತು.

ಇಲ್ಲಿಯವರೆಗೆ ಯಾರಿಗೂ ಹೇಳದ ಒಂದು ಮಾತನ್ನು ಬರೆಯಬೇಕು. ಆ ಸೆಪ್ಟೆಂಬರಿನಲ್ಲಿ ಭಾವ ನಮ್ಮ ಸೋಫಾದ ಮೇಲೆ ಮಲಗುತ್ತಿದ್ದ. ಕುಡಿಯುತ್ತಿದ್ದ, ಆದರೆ ಗಲಾಟೆ ಮಾಡಿದವನಲ್ಲ. ನಾನು ತುಂಬು ಬಸುರಿ. ಒಂದು ಬೆಳಿಗ್ಗೆ ಎನೊಕ್ ಕೆಲಸಕ್ಕೆ ಹೋದ ಮೇಲೆ ಹೇಳಿದೆ: "ಭಾವ, ಮಗು ಹುಟ್ಟಿದ್ಮೇಲೆ ನೀವು ಈ ಮನೇಗೆ ಬರ್ಬೇಡಿ. ನಿಮ್ಮಂಥೋರ ಮುಖ ನೋಡ್ಕೊಂಡು ನನ್ ಮಗು ಬೆಳೆಯೋದು ಬೇಡ." ಕಚೇರಿಯಲ್ಲಿ ದಿನವಿಡೀ ಸರ್ಕಾರದ ಕಾಗದಗಳನ್ನು ಡ್ಯಾನಿಶ್ ಭಾಷೆಯಿಂದ ನಮ್ಮ ಭಾಷೆಗೆ ತರುವವಳು ನಾನು; ಪ್ರತಿ ಪದವನ್ನೂ ತೂಗಿಯೇ ಇಡುತ್ತೇನೆ. ಈ ಮಾತನ್ನೂ ಹಿಂದಿನ ದಿನವೇ ಜೋಡಿಸಿಟ್ಟುಕೊಂಡಿದ್ದೆ. ಅವನು ತಲೆಯಾಡಿಸಿದ. ಕುಡಿದ ಬಟ್ಟಲು ತೊಳೆದಿಟ್ಟ. ಮರುದಿನ ದೋಣಿ ಹೊರಟಿತು. ಅವನು ಸಮುದ್ರದ ಪಾಲಾದನೆಂದು ಎಲ್ಲರೂ ಅತ್ತಾಗ ನಾನೂ ಅತ್ತಿದ್ದೆ. ಆದರೆ ಅವನು ನಿಜವಾಗಿ ಮುಳುಗಿದ್ದರೆ ಅದು ನೀರಿನ ತಪ್ಪಾಗುತ್ತಿತ್ತು. ಗುಡ್ಡ ಸೇರಿದ್ದರೆ ನನ್ನದು.

ಭಾನುವಾರ ಮಗುವೂ ಸೇರಿ ನಾಲ್ವರು ಹೊರಟೆವು. ಈ ವರ್ಷ ಹಿಮ ತಡವಾಗಿತ್ತು. ಬಂಡೆಗಳ ನಡುವೆ ಗಿಡ ಇನ್ನೂ ಕೆಂಪಗಿತ್ತು. ಅತ್ತೆ ನಮ್ಮೆಲ್ಲರಿಗಿಂತ ಮುಂದೆ ನಡೆದರು.

"ನಿಧಾನಮ್ಮಾ, ಕಿವಿತ್ತೋಕ್ ನಿನ್ನ ನೋಡಿ ಓಡಿಹೋದಾನು" ಎಂದ ಎನೊಕ್. ಅವನು ಹೆದರಿದಾಗಲೆಲ್ಲ ತಮಾಷೆ ಮಾಡುತ್ತಾನೆ.

"ಬಾಯ್ಮುಚ್ಕೊಂಡ್ ಬಾರೋ."

ಮೊದಲ ಸಮತಟ್ಟಿನಲ್ಲಿ ನಿಂತೆವು. ಕೆಳಗೆ ನಮ್ಮ ಕಟ್ಟಡ, ಬಸ್ಸು, ಅದರಾಚೆ ಕೊಲ್ಲಿ. ಗಾಳಿ ಜೋರಾಗಿತ್ತು. ಎನೊಕ್ ಗಾಳಿಗೆ ಬೆನ್ನು ಹಾಕಿ ಸಿಗರೇಟು ಹಚ್ಚಲು ಒದ್ದಾಡುತ್ತಿದ್ದ. ಅತ್ತೆ ಎರಡೂ ಕೈ ಬಾಯಿಗೆ ಹಿಡಿದು ಕೂಗಿದರು.

"ಅಪೊಲುಸ್!"

ಕಲ್ಲಿಗೆ ಬಡಿದು ಹೆಸರು ಹಿಂದಕ್ಕೆ ಬಂತು. ಮಗು ನನ್ನ ಕೈ ಬಿಗಿಯಾಗಿ ಹಿಡಿಯಿತು. ಹೆಸರು ತನ್ನದೋ ಅಲ್ಲವೋ ಎಂದು ನಿನ್ನೆಯಿಂದ ಅವನಿಗೆ ತಿಳಿಯುತ್ತಿರಲಿಲ್ಲ. ಓ ಅನ್ನಲಿಲ್ಲ.

ಆಗ ನಾನು ನೋಡಿದೆ. ಜಾರುಗಲ್ಲುಗಳ ಇಳಿಜಾರಿನ ಮೇಲೆ, ಬಂಡೆಯೆಂದುಕೊಂಡಿದ್ದ ಒಂದು ಬೂದುಬಣ್ಣ ಎದ್ದು ನಿಂತಿತು. ತಲೆ ಇತ್ತು. ಕೂದಲು ಎದೆಯವರೆಗೆ ಇತ್ತು. ಅತ್ತೆಯ ಕಣ್ಣಿಗೆ ಅಷ್ಟು ದೂರ ಕಾಣದು.

"ಅಪೊಲುಸ್!"

ಆ ಆಕೃತಿ ಒಂದು ಹೆಜ್ಜೆ ಇಳಿಯಿತು. ಸಣ್ಣ ಕಲ್ಲುಗಳು ಉರುಳಿದ ಸದ್ದು ನನಗೆ ಕೇಳಿಸಿತು. ಬೇರೆಯವರಿಗೂ ಕೇಳಿಸಿರಬಹುದು, ಗಾಳಿಯೆಂದುಕೊಂಡಿರಬಹುದು. ಅವನ ಎಡಗೈ ಮೇಲೆದ್ದಿತು. ಬಾಯಿ ತೆರೆಯುತ್ತಿದ್ದನೋ ಏನೋ. ನಾಲ್ಕು ವರ್ಷ ಮಾತಾಡದ ಗಂಟಲಿಗೆ ಹೊತ್ತು ಬೇಕಾಗುತ್ತದೆ.

ನಾನು ಬಗ್ಗಿ ಮಗುವಿನ ಕಿವಿಯಲ್ಲಿ ಹೇಳಿದೆ: "ನಿನ್ನೇ ಕಂದ ಕರೀತಿರೋದು. ಓ ಅನ್ನು. ಜೋರಾಗಿ."

"ಓ! ಬಂದೇ ಅಮ್ಮಾ!"

ಅವನು ನನ್ನ ಕೈ ಕೊಸರಿಕೊಂಡು ಓಡಿದ. ಅತ್ತೆ ತಿರುಗಿದರು. ಮೂರನೆಯ ಕೂಗಿಗೆ ಎತ್ತಿದ್ದ ಕೈಗಳು ಹಾಗೇ ಕೆಳಗಿಳಿದವು. ಅವರು ಕಲ್ಲಿನ ಮೇಲೆ ಕುಸಿದು ಅವನನ್ನು ಅಪ್ಪಿಕೊಂಡು, ಅವನ ಮೂಗಿಗೆ ಕೆನ್ನೆಗೆ ಮುಖ ಒತ್ತಿ, ನಮ್ಮಲ್ಲಿ ಮುದ್ದಿಡುವ ಹಾಗೆ, ಮೂಸಿದರು. "ಇಲ್ಲೇ ಇದ್ದೀಯಲ್ಲೋ ಮಗನೇ. ಇಲ್ಲೇ ಇದ್ದೀಯ. ಮುದುಕಿಗೆ ಬುದ್ಧಿ ಕೆಟ್ಟಿತ್ತು."

"ಅಣ್ಣ ಓಗೊಟ್ಟ" ಎಂದ ಎನೊಕ್. ಅವನ ಕಣ್ಣಲ್ಲಿ ನೀರಿತ್ತು. ಸಿಗರೇಟು ಇನ್ನೂ ಹೊತ್ತಿಕೊಂಡಿರಲಿಲ್ಲ.

ಮೇಲಿನವನೂ ಕೇಳಿಸಿಕೊಂಡ. ಎತ್ತಿದ ಕೈ ಸ್ವಲ್ಪ ಹೊತ್ತು ಹಾಗೇ ಇತ್ತು. ನನ್ನ ಮುಖ ಅವನಿಗೆ ಕಂಡಿತೋ ಗೊತ್ತಿಲ್ಲ. ಕಂಡಿದೆ ಎಂದೇ ನನ್ನ ನಂಬಿಕೆ. ಆಮೇಲೆ ಅವನು ಕೂತ. ಕೂತು ಬಂಡೆಯಾದ.

ಇಳಿಯುವಾಗ ಮಗು ಅತ್ತೆಯ ಬೆನ್ನ ಮೇಲಿತ್ತು. ಮನೆಗೆ ಬಂದು ಎರಡು ಬಟ್ಟಲು ಸಾರು ಕುಡಿಯಿತು.

ಬುಧವಾರ ಹಿಮ ಬಿತ್ತು. ಗುರುವಾರ ಬೆಳಿಗ್ಗೆ ಎದ್ದಾಗ ಗುಡ್ಡವೆಲ್ಲ ಬೆಳ್ಳಗೆ, ಒಂದು ಸಾಲು ಬಿಟ್ಟು. ಹೆಜ್ಜೆಗಳು ಬಸ್ಸು ತಿರುಗುವ ಜಾಗದವರೆಗೆ ಬಂದಿದ್ದವು. ಅಲ್ಲಿ, ನಮ್ಮ ಕಿಟಕಿಯ ಎದುರು, ಹಿಮ ತುಳಿದು ಗಟ್ಟಿಯಾಗಿತ್ತು. ಯಾರೋ ಬಹಳ ಹೊತ್ತು ನಿಂತಿದ್ದ ಹಾಗೆ. ಆಮೇಲೆ ಅದೇ ದಾರಿಯಲ್ಲಿ ಹಿಂದಕ್ಕೆ.

ಅತ್ತೆ ಎಂಟೂವರೆಯ ಬಸ್ಸಿಗೆ ಬರುವವರಿದ್ದರು. ನಾನು ಮಗುವಿಗೆ ಟೋಪಿ ಹಾಕಿ, ಅವನನ್ನು ಜಾರುಬಂಡಿಯಲ್ಲಿ ಕೂರಿಸಿ ಹೊರಗೆ ತಂದೆ. ಹಗ್ಗ ಹಿಡಿದು ಆ ಹೆಜ್ಜೆಗಳ ಮೇಲೆಯೇ ಎಳೆದೆ, ಗುಡ್ಡದ ಬುಡದವರೆಗೆ ಹೋಗಿ, ತಿರುಗಿ, ಮತ್ತೆ ಎಳೆದೆ. ಬಂಡಿಯ ಕೆಳಗೆ ಒಂದೊಂದೇ ಹೆಜ್ಜೆ ನುಣುಪಾಗುತ್ತ ಬಂತು.

"ಇನ್ನೊಂದ್ ಸಲ, ಬಿಬಿ!" ಎಂದು ಅವನು ಕೇಕೆ ಹಾಕಿದ. "ಇನ್ನೊಂದ್ ಸಲ!"

ಬಸ್ಸು ಬರುವವರೆಗೂ ಎಳೆಯುತ್ತಲೇ ಇದ್ದೆ.